ಮಗುವಿಗೆ ಪದೇ ಪದೇ ನೆಗಡಿ: ಇಮ್ಯುನಿಟಿಗೆ ಅಂತ ದಿನಾ ಏನು ತಿನ್ನಿಸುತ್ತೀರಿ, ಏನು ಕುಡಿಸುತ್ತೀರಿ?

ಬೆಳಗಿನ ಬಿಸಿಲು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ವರ್ಷ. ಶಾಲೆಗೆ ಸೇರಿಸಿದಾಗಿನಿಂದ ಮೂಗು ಸೋರುವುದು ನಿಂತೇ ಇಲ್ಲ. ಒಂದು ನೆಗಡಿ ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ. ಒಂದು ವರ್ಷದಲ್ಲಿ ಏಳು ಸಲ ಆಗಿದೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ. ಮನೆಯಲ್ಲಿ ಮಾವನವರೂ ಇದ್ದಾರೆ, 74 ವರ್ಷ. ಅವರಿಗೆ ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಮಗಳು ಕೆಮ್ಮಿದಾಗಲೆಲ್ಲ ನನಗೆ ಇವರ ಚಿಂತೆ ಶುರುವಾಗುತ್ತದೆ.

ಎರಡು ತಿಂಗಳಿಂದ ಒಂದು ಪಾನೀಯ ಮಾಡುತ್ತಿದ್ದೇನೆ. ಒಂದು ನಿಂಬೆಹಣ್ಣಿನ ರಸ, ಹೆಬ್ಬೆರಳಷ್ಟು ಶುಂಠಿ, ನಾಲ್ಕು ಎಸಳು ಹಸಿ ಬೆಳ್ಳುಳ್ಳಿ, ಅರ್ಧ ಚಮಚ ಅರಿಶಿನ, ಜೇನುತುಪ್ಪ. ಎಲ್ಲ ರುಬ್ಬಿ, ಸೋಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂವರೂ ಕುಡಿಯುತ್ತೇವೆ. ಮಗಳು ಮೂಗು ಹಿಡಿದುಕೊಂಡು ಕುಡಿಯುತ್ತಾಳೆ. ಹೋದ ವಾರ "ಅಮ್ಮಾ, ಇಲ್ಲಿ ಉರಿಯುತ್ತೆ" ಅಂತ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಆಗ ನನಗೆ ಅನುಮಾನ ಬಂತು.

ನಾನು ಮಾಡುತ್ತಿರುವುದು ಸರಿಯಾ? ದಿನಾ ತಿನ್ನುವ ಕುಡಿಯುವ ಪದಾರ್ಥಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು? ದಯವಿಟ್ಟು ನಿಮ್ಮ ಅನುಭವ ಹೇಳಿ.

ಇಬ್ಬರು ಮಕ್ಕಳ ಅಮ್ಮ

ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ನನ್ನ ದೊಡ್ಡ ಮಗನಿಗೂ ಹೀಗೇ ಆಗಿತ್ತು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಬರುವುದು ಸಹಜ ಅಂತ ನಮ್ಮ ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ. ದೊಡ್ಡವರಿಗೇ ಎರಡು ಮೂರು ಸಲ ಬರುತ್ತದಂತೆ. ನೆಗಡಿ ತರುವ ವೈರಸ್‌ಗಳೇ 200ಕ್ಕೂ ಜಾಸ್ತಿ ಇವೆ. ಮಗುವಿನ ದೇಹ ಒಂದೊಂದನ್ನೂ ಮೊದಲ ಸಲ ನೋಡುತ್ತಿದೆ ಅಷ್ಟೇ. ಏಳು ಅಂದರೆ ನಿಮ್ಮ ಮಗಳ ಇಮ್ಯುನಿಟಿ ಕೆಟ್ಟಿದೆ ಅಂತ ಅರ್ಥ ಅಲ್ಲ.

ನೋಡಬೇಕಾದದ್ದು ಬೇರೆ. ತೂಕ ಏರುತ್ತಿದೆಯಾ? ನೆಗಡಿ ವಾರ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದಾ? ಮಧ್ಯೆ ಚೆನ್ನಾಗಿ ಆಡುತ್ತಾಳಾ? ಇದಕ್ಕೆಲ್ಲ ಹೌದು ಅಂದರೆ ಅಷ್ಟು ಹೆದರಬೇಡಿ. ಪದೇ ಪದೇ ನ್ಯುಮೋನಿಯಾ, ಕಿವಿ ಸೋರುವುದು, ತೂಕ ಏರದೇ ಇರುವುದು ಇದ್ದರೆ ಮಾತ್ರ ಡಾಕ್ಟರ ಹತ್ತಿರ ಖಂಡಿತ ಹೋಗಿ.

ಆ ಪಾನೀಯ ಮಗುವಿಗೆ ಖಾಲಿ ಹೊಟ್ಟೆಗೆ ಬೇಡ ಅನ್ನಿಸುತ್ತದೆ. ಐದು ವರ್ಷದ ಹೊಟ್ಟೆಗೆ ನಿಂಬೆ, ಹಸಿ ಬೆಳ್ಳುಳ್ಳಿ, ಶುಂಠಿ ಮೂರೂ ಒಟ್ಟಿಗೆ ಜಾಸ್ತಿ ಆಯ್ತು, ಅಲ್ವಾ?

ಪಥ್ಯದ ಮೇಜು

ನಾನು ಆಹಾರ ತಜ್ಞೆ, ಹದಿನಾರು ವರ್ಷದಿಂದ ಇದೇ ಕೆಲಸ. ನಿಮ್ಮ ಪ್ರಶ್ನೆ ನನ್ನ ಹತ್ತಿರ ವಾರಕ್ಕೆ ಹತ್ತು ಸಲ ಬರುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಮ್ಯುನಿಟಿಯನ್ನು "ಹೆಚ್ಚಿಸುವುದು" ಅನ್ನುವ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಒಂದೇ ಸ್ವಿಚ್ ಅಲ್ಲ. ಚರ್ಮ, ಮೂಗು ಗಂಟಲಿನ ಒಳಪದರ, ಹೊಟ್ಟೆಯ ಆಮ್ಲ, ಬಿಳಿ ರಕ್ತಕಣಗಳು, ರೋಗಾಣುಗಳನ್ನು ಹಿಡಿಯುವ ಆಂಟಿಬಾಡಿಗಳು, ಕರುಳಿನ ಬ್ಯಾಕ್ಟೀರಿಯಾ ಎಲ್ಲ ಸೇರಿದ್ದು. ಸುಮ್ನೆ ಜಾಸ್ತಿಯಾದರೆ ಒಳ್ಳೆಯದೂ ಅಲ್ಲ. ಅಲರ್ಜಿ, ಕೀಲುಗಳನ್ನು ತಿನ್ನುವ ರುಮಟಾಯ್ಡ್ ಆರ್ಥ್ರೈಟಿಸ್, ದೇಹ ತನ್ನ ಅಂಗಗಳ ಮೇಲೇ ದಾಳಿ ಮಾಡುವ ಲೂಪಸ್ ಇವೆಲ್ಲ ಅದು ತಪ್ಪು ಜಾಗದಲ್ಲಿ ಜೋರು ಮಾಡಿದಾಗ ಬರುವ ಕಾಯಿಲೆಗಳು. ನಮಗೆ ಬೇಕಾದದ್ದು ಅದಕ್ಕೆ ಸಾಮಾನು ಕಡಿಮೆ ಬೀಳದಂತೆ ನೋಡಿಕೊಳ್ಳುವುದು.

ಆಂಟಿಬಾಡಿ ಅಂದರೆ ಪ್ರೋಟೀನ್. ಊಟದಲ್ಲಿ ಪ್ರೋಟೀನ್ ಕಡಿಮೆಯಾದರೆ ದೇಹ ಅದನ್ನು ಎಲ್ಲಿಂದ ಮಾಡಬೇಕು? ಮೂಗು ಗಂಟಲಿನ ಒಳಪದರ ಗಟ್ಟಿಯಾಗಿರಲು ಎ ಜೀವಸತ್ವ ಬೇಕು. ಹೊಸ ರಕ್ಷಣಾ ಕೋಶಗಳು ಬೆಳೆಯಲು ಸತು (ಝಿಂಕ್) ಬೇಕು. ಕಬ್ಬಿಣ, ಸಿ, ಡಿ, ಬಿ6, ಬಿ12, ಫೋಲೇಟ್, ಸೆಲೆನಿಯಂ ಎಲ್ಲದಕ್ಕೂ ಒಂದೊಂದು ಕೆಲಸ ಇದೆ. ಇದರಲ್ಲಿ ಯಾವುದು ಕಡಿಮೆಯಿದೆಯೋ ಅದನ್ನು ಸರಿ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಆಗಲೇ ಸಾಕಷ್ಟು ಇರುವುದನ್ನು ಮತ್ತೆ ಸುರಿದರೆ ಏನೂ ಆಗುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ. ಕೆಲವು ದೇಹದಲ್ಲೇ ಕೂತು ತೊಂದರೆ ಕೊಡುತ್ತವೆ.

ಈಗ ನಿಮ್ಮ ಲೋಟ ನೋಡೋಣ. ನಿಂಬೆಯಲ್ಲಿ ಸಿ ಇದೆ, ಸರಿ. ಆದರೆ ಒಂದು ನಿಂಬೆಯ ರಸವನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಸಿಗುವುದು ಆರೇಳು ಮಿಲಿಗ್ರಾಂ. ಒಂದು ಕಿತ್ತಳೆ ಹಣ್ಣಿನಲ್ಲಿ ಸುಮಾರು 70 ಇರುತ್ತದೆ. ಅರಿಶಿನದಲ್ಲಿ ಗುಣ ಕೊಡುತ್ತದೆ ಅನ್ನುವ ಅಂಶ, ಕರ್ಕ್ಯುಮಿನ್, ನೂರಕ್ಕೆ ಮೂರು ಪಾಲು ಅಷ್ಟೇ, ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕರಿಮೆಣಸು ಜೊತೆಗಿದ್ದರೆ ಸ್ವಲ್ಪ ಚೆನ್ನಾಗಿ ಸೇರುತ್ತದೆ. ಅಡುಗೆಗೆ ಹಾಕಿ, ರುಚಿ, ಬಣ್ಣ ಎರಡೂ ಚೆಂದ. ಅದು ಕಾಯಿಲೆ ತಡೆಯುತ್ತದೆ ಅಂತ ಭಾರ ಹೊರಿಸಬೇಡಿ. ಶುಂಠಿ ವಾಕರಿಕೆಗೆ ನಿಜಕ್ಕೂ ಒಳ್ಳೆಯದು. ನೆಗಡಿ ತಡೆಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಆ ಲೋಟದ ಬದಲು ಮಗುವಿಗೆ ಒಂದು ಕಿತ್ತಳೆ ಬಿಡಿಸಿ ಕೊಡಿ.

ಓಟಗಾರ

ಮೇಡಂ, ಸಿ ಜೀವಸತ್ವದ ಬಗ್ಗೆ ಒಂದು ಮಾತು. ನಾನು ಮ್ಯಾರಥಾನ್ ಓಡುತ್ತೇನೆ. ದಿನಾ 500 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ನನಗೆ ನೆಗಡಿ ತುಂಬ ಕಡಿಮೆಯಾಗಿದೆ. ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಎರಡು ನೊಬೆಲ್ ಪಡೆದವರು. ಅವರೇ 1970ರಲ್ಲಿ ಇದರ ಪರವಾಗಿ ಪುಸ್ತಕ ಬರೆದಿದ್ದಾರೆ. ಪ್ರಯೋಜನವೇ ಇಲ್ಲ ಅನ್ನುವುದು ಸರಿಯಲ್ಲ.

ಪಥ್ಯದ ಮೇಜು

ನಿಮ್ಮ ವಿಷಯದಲ್ಲಿ ನಿಮ್ಮ ಮಾತೇ ಸರಿ ಇರಬಹುದು, ಕಾರಣವೂ ಇದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯಲ್ಲಿ, ದಿನಾ ಸಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿದ್ದ 11,306 ಜನರ ಲೆಕ್ಕ ಒಟ್ಟು ಮಾಡಿ ನೋಡಿದರು. ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ಮಾತ್ರ ಸ್ವಲ್ಪ ಬೇಗ ಹೋಯಿತು. ದೊಡ್ಡವರಲ್ಲಿ ಶೇಕಡಾ 8, ಮಕ್ಕಳಲ್ಲಿ ಶೇಕಡಾ 14. ಏಳು ದಿನದ ನೆಗಡಿಯಲ್ಲಿ ದೊಡ್ಡವರಿಗೆ ಅರ್ಧ ದಿನ, ಮಕ್ಕಳಿಗೆ ಒಂದು ದಿನ ಉಳಿಯಿತು ಅಂದುಕೊಳ್ಳಿ. ಆದರೆ ಅದರಲ್ಲೇ 598 ಜನ ಮ್ಯಾರಥಾನ್ ಓಟಗಾರರು, ಸ್ಕೀ ಮಾಡುವವರು, ಕಡು ಚಳಿಯಲ್ಲಿ ತರಬೇತಿ ಪಡೆಯುತ್ತಿದ್ದ ಸೈನಿಕರು ಇದ್ದರು. ಅವರಲ್ಲಿ ನೆಗಡಿ ಬರುವುದು ಅರ್ಧಕ್ಕೆ ಇಳಿದಿತ್ತು. ನೀವು ಆ ಗುಂಪಿನವರು.

ನೆಗಡಿ ಶುರುವಾದ ಮೇಲೆ ಮಾತ್ರೆ ನುಂಗಿದವರಿಗೆ ಮಾತ್ರ ಭರವಸೆ ಇಡುವಂಥ ಪ್ರಯೋಜನ ಕಾಣಲಿಲ್ಲ. ಹೆಚ್ಚಿನವರು ಮಾಡುವುದು ಅದನ್ನೇ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು, ಭೇದಿ ಶುರುವಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಡಾಕ್ಟರನ್ನು ಕೇಳದೆ ದೊಡ್ಡ ಮಾತ್ರೆ ಮುಟ್ಟಬೇಡಿ.

ಓಟಗಾರ

ಸರಿ ಮೇಡಂ, ಒಪ್ಪಿದೆ. ಸೈನಿಕರ ವಿಷಯ ಗೊತ್ತಿರಲಿಲ್ಲ. ನನ್ನ ಅನುಭವವನ್ನು ಐದು ವರ್ಷದ ಮಗುವಿಗೆ ಹೊಂದಿಸಬಾರದು ಅಂತ ಅರ್ಥವಾಯಿತು.

ಓದುವ ಹುಚ್ಚು

ಸಿ ಜೀವಸತ್ವದ ಮಾತು ಬಂತಲ್ಲ, ಒಂದು ಹಳೆಯ ಕತೆ ಹೇಳುತ್ತೇನೆ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ, ಒಸಡಿನಲ್ಲಿ ರಕ್ತ ಸೋರುವ ಸ್ಕರ್ವಿ ಕಾಯಿಲೆ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ ಒಂದೊಂದು ಜೋಡಿಗೆ ಒಂದೊಂದು. ಒಂದು ಜೋಡಿಗೆ ದಿನಾ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಕ್ಕೆ ಹಣ್ಣು ಮುಗಿದೇ ಹೋಯಿತು. ಅಷ್ಟರಲ್ಲಿ ಅವರಲ್ಲೊಬ್ಬ ಕೆಲಸಕ್ಕೆ ಎದ್ದು ನಿಂತಿದ್ದ! ಆದರೂ ಬ್ರಿಟನ್ನಿನ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಆ 48 ವರ್ಷದಲ್ಲಿ ಸತ್ತವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೇಡಂ ಹೇಳಿದ್ದು ಇಲ್ಲೇ ಕಾಣುತ್ತದೆ. ಆ ನಾವಿಕನ ಮೈಯಲ್ಲಿ ಸಿ ಬರಿದಾಗಿತ್ತು, ಅದಕ್ಕೇ ಹಣ್ಣು ಅಮೃತದ ಹಾಗೆ ಕೆಲಸ ಮಾಡಿತು. ಚೆನ್ನಾಗಿ ಉಂಡು ತಿಂದವನಿಗೆ ಅದೇ ಕಿತ್ತಳೆ ಬರೀ ಒಂದು ಒಳ್ಳೆಯ ಹಣ್ಣು.

ಇನ್ನೊಂದು ವಿಷಯ. ಸಿ ಅಂದ ಕೂಡಲೇ ಎಲ್ಲರೂ ಕಿತ್ತಳೆ, ನಿಂಬೆ ಅನ್ನುತ್ತಾರೆ. ತೂಕಕ್ಕೆ ತೂಕ ನೋಡಿದರೆ ಕೆಂಪು ದೊಣ್ಣೆಮೆಣಸಿನಕಾಯಿಯಲ್ಲಿ ಕಿತ್ತಳೆಗಿಂತ ಎರಡು ಪಟ್ಟು ಇದೆ. ಸೀಬೆಹಣ್ಣಿನಲ್ಲಿ ನಾಲ್ಕು ಪಟ್ಟು. ಸಿ ಜೀವಸತ್ವದ ಕೆಲಸಕ್ಕೆ 1937ರಲ್ಲಿ ನೊಬೆಲ್ ಪಡೆದ ಆಲ್ಬರ್ಟ್ ಸೆಂಟ್ ಜ್ಯೋರ್ಜಿಗೆ ಅದು ರಾಶಿ ರಾಶಿ ಸಿಕ್ಕಿದ್ದು ಹಂಗೇರಿಯ ಪ್ಯಾಪ್ರಿಕಾ ಮೆಣಸಿನಕಾಯಿಯಲ್ಲಿ.

ಕೈತೋಟ

ಅಡುಗೆ ಮಾಡುವವರ ಕಡೆಯಿಂದ ನಾನು ಸೇರಿಸುತ್ತೇನೆ. ಒಳ್ಳೆಯ ತರಕಾರಿ ತಂದರೆ ಮುಗಿಯಲಿಲ್ಲ, ಅದನ್ನು ನಾವು ಏನು ಮಾಡುತ್ತೇವೆ ಅನ್ನುವುದರಲ್ಲಿ ಅರ್ಧ ಇದೆ.

ಸಿ ಜೀವಸತ್ವ ನೀರಿಗೆ ಇಳಿಯುತ್ತದೆ, ಬಿಸಿಗೆ ಹಾಳಾಗುತ್ತದೆ. ತರಕಾರಿಯನ್ನು ಹೆಚ್ಚಿ, ಆಮೇಲೆ ನೀರಲ್ಲಿ ನೆನೆಸಿಟ್ಟು, ತುಂಬ ಹೊತ್ತು ಕುದಿಸಿ, ಆ ನೀರನ್ನು ಚೆಲ್ಲಿದರೆ ನಮಗೆ ಉಳಿಯುವುದು ನಾರು ಮಾತ್ರ. ಮೊದಲು ತೊಳೆದು ಆಮೇಲೆ ಹೆಚ್ಚಿ. ಹಬೆಯಲ್ಲಿ ಬೇಯಿಸಿ. ಕುದಿಸಿದರೆ ಆ ನೀರನ್ನು ಸೂಪ್‌ಗೆ ಹಾಕಿ.

ಕ್ಯಾರೆಟ್, ಕುಂಬಳ, ಕಿತ್ತಳೆ ಬಣ್ಣದ ಗೆಣಸು, ಪಾಲಕ್ ಇವುಗಳ ಲೆಕ್ಕ ಬೇರೆ. ಇವುಗಳಲ್ಲಿರುವ ಬೀಟಾ ಕ್ಯಾರೊಟಿನ್ ದೇಹದಲ್ಲಿ ಎ ಆಗುತ್ತದೆ. ಅದು ಕರಗುವುದು ಎಣ್ಣೆಯಲ್ಲಿ. ಬೇಯಿಸಿ ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಹಾಕಿದರೆ ಹಸಿಯಾಗಿ ತಿನ್ನುವುದಕ್ಕಿಂತ ಚೆನ್ನಾಗಿ ಮೈಗೆ ಸೇರುತ್ತದೆ.

ಬೆಳ್ಳುಳ್ಳಿ ವಿಷಯ. ಬೆಳ್ಳುಳ್ಳಿಯ ಗುಣಕ್ಕೆ ಕಾರಣ ಅನ್ನುವ ಆಲಿಸಿನ್ ಇಡೀ ಎಸಳಲ್ಲಿ ಇರುವುದೇ ಇಲ್ಲ. ಜಜ್ಜಿದಾಗ ಎರಡು ಅಂಶಗಳು ಕೂಡಿ ಅದು ಹುಟ್ಟುತ್ತದೆ, ಆ ಘಾಟು ವಾಸನೆ ಅದರದೇ. ಜಜ್ಜಿದ ಕೂಡಲೇ ಬಾಣಲೆಗೆ ಹಾಕಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾನು ಜಜ್ಜಿ ಹತ್ತು ನಿಮಿಷ ಹಲಗೆಯ ಮೇಲೇ ಬಿಡುತ್ತೇನೆ. ಅಷ್ಟರಲ್ಲಿ ಈರುಳ್ಳಿ ಹೆಚ್ಚಿ ಮುಗಿಯುತ್ತದೆ.

ಕಾಳುಗಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು.

ಓದುವ ಹುಚ್ಚು

ಕಾಳು ನೆನೆಸುವುದರ ಹಿಂದೆ ದೊಡ್ಡ ಕತೆಯೇ ಇದೆ. ಕಾಳು, ಧಾನ್ಯಗಳಲ್ಲಿ ಫೈಟೇಟ್ ಇರುತ್ತದೆ. ಅದು ಸತುವನ್ನು ಹಿಡಿದಿಟ್ಟುಕೊಂಡು ಮೈಗೆ ಬಿಡುವುದಿಲ್ಲ. 1960ರ ಆಸುಪಾಸಿನಲ್ಲಿ ಡಾ. ಆನಂದ ಪ್ರಸಾದ್ ಇರಾನ್, ಈಜಿಪ್ಟ್‌ಗಳಲ್ಲಿ ಬೆಳವಣಿಗೆ ಕುಂಠಿತವಾದ ಯುವಕರನ್ನು ನೋಡಿದರು. ವಯಸ್ಸು ಇಪ್ಪತ್ತರ ಹತ್ತಿರ, ನೋಡಲು ಹತ್ತು ವರ್ಷದ ಹುಡುಗರ ಹಾಗೆ. ಅವರು ಹೆಚ್ಚಾಗಿ ತಿನ್ನುತ್ತಿದ್ದದ್ದು ಹುದುಗು ಬರಿಸದ ರೊಟ್ಟಿ. ಸತು ಕಡಿಮೆಯಾದರೆ ಮನುಷ್ಯನಿಗೆ ಹೀಗಾಗುತ್ತದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಅವರ ಕೆಲಸದಿಂದ. ಸತು ಇಲ್ಲದಿದ್ದರೆ ರೋಗ ತಡೆಯುವ ಟಿ ಕೋಶಗಳೂ ಸೊರಗುತ್ತವೆ.

ನೆನೆಸುವುದು, ಮೊಳಕೆ, ಹುದುಗು ಮೂರೂ ಫೈಟೇಟ್ ಇಳಿಸುತ್ತವೆ. ಮಾಂಸ, ಮೊಟ್ಟೆ ತಿನ್ನದವರು ಕುಂಬಳದ ಬೀಜ, ಎಳ್ಳು, ಗೋಡಂಬಿ, ಕಡಲೆ ಇವುಗಳ ಕಡೆ ಗಮನ ಕೊಡಿ.

ಪಥ್ಯದ ಮೇಜು

ಸತುವಿನ ಮಾತ್ರೆಯನ್ನು ಮಾತ್ರ ತಿಂಗಳುಗಟ್ಟಲೆ ನೀವಾಗಿ ನುಂಗಬೇಡಿ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 8ರಿಂದ 11 ಮಿಲಿಗ್ರಾಂ. 40 ದಾಟಿ ಬಹಳ ದಿನ ತೆಗೆದುಕೊಂಡರೆ ತಾಮ್ರದ ಕೊರತೆ ಬರುತ್ತದೆ. ಆಗ ಬಿಳಿ ರಕ್ತಕಣಗಳೇ ಕಡಿಮೆಯಾಗುತ್ತವೆ. ಇಮ್ಯುನಿಟಿಗೆ ಅಂತ ತಿಂದದ್ದೇ ಇಮ್ಯುನಿಟಿಯನ್ನು ಇಳಿಸುತ್ತದೆ.

ಹೆಪ್ಪು ಹಾಕುವವಳು

ಮೊಸರಿನ ಹೆಸರು ಇನ್ನೂ ಯಾರೂ ಎತ್ತಲಿಲ್ಲವಲ್ಲ! ನನ್ನ ಕರುಳಿನ ತೊಂದರೆಯಿಂದ ನಾನು ಇದರ ಬಗ್ಗೆ ತುಂಬ ಓದಿದ್ದೇನೆ. ಕರುಳಿನ ಸುತ್ತಮುತ್ತ ದೇಹದ ರಕ್ಷಣಾ ಕೋಶಗಳು ತುಂಬ ಇರುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳ ಜೊತೆ ಅವು ದಿನವಿಡೀ ಒಡನಾಡುತ್ತವೆ.

2021ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 36 ಜನ ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾರಿನಂಶ ಜಾಸ್ತಿ. ಇನ್ನೊಂದಕ್ಕೆ ಮೊಸರು, ಕೆಫಿರ್ ಅನ್ನುವ ಹುದುಗಿಸಿದ ಹಾಲು, ಹುದುಗಿಸಿದ ಎಲೆಕೋಸು, ಕೊಂಬುಚಾ ಅನ್ನುವ ಹುದುಗಿಸಿದ ಟೀ ಇಂಥವು. ಹತ್ತು ವಾರದಲ್ಲಿ ಹುದುಗಿಸಿದ್ದು ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾಗಳ ಬಗೆ ಜಾಸ್ತಿಯಾಯಿತು. ಉರಿಯೂತ ತೋರಿಸುವ 19 ಪ್ರೋಟೀನ್‌ಗಳು ರಕ್ತದಲ್ಲಿ ಇಳಿದವು. ಸಣ್ಣ ಗುಂಪು, ನಿಜ. ಅವರು ತಿಂದ ಪ್ರಮಾಣವೂ ದೊಡ್ಡದು, ದಿನಕ್ಕೆ ಆರು ಸಲ. ಆದರೂ ನನಗೆ ಅದು ಧೈರ್ಯ ಕೊಟ್ಟಿತು.

ಸಿಹಿ ಹಾಕಿದ ಡಬ್ಬಿ ಮೊಸರು ಬೇಡ. ಸಾದಾ ಮೊಸರಿಗೆ ಮಾಗಿದ ಬಾಳೆಹಣ್ಣು ಕಿವುಚಿ ಹಾಕಿ, ಮಕ್ಕಳು ಬೇಡ ಅನ್ನುವುದಿಲ್ಲ. ಮೊಸರು ಮಾಡಿದ ಮೇಲೆ ಕುದಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಅಷ್ಟು ನೆನಪಿರಲಿ. ಜೊತೆಗೆ ನಾರು ಬೇಕೇ ಬೇಕು. ಓಟ್ಸ್, ಕಾಳು, ಸಿಪ್ಪೆ ಸಮೇತ ಸೇಬು. ಆ ಬ್ಯಾಕ್ಟೀರಿಯಾಗಳಿಗೆ ಊಟ ಅದೇ.

ವಾರ್ಡ್ ನರ್ಸ್

ಬಿಸಿಲು ಅವರೇ, ಎಲ್ಲರೂ ನಿಮ್ಮ ಮಗಳ ಬಗ್ಗೆ ಹೇಳುತ್ತಿದ್ದಾರೆ. ನನಗೆ ನಿಮ್ಮ ಮೊದಲ ಪೋಸ್ಟ್ ಓದಿದಾಗಿನಿಂದ ನಿಮ್ಮ ಮಾವನವರ ಚಿಂತೆ ಹತ್ತಿದೆ. ನಾನು ವಯಸ್ಸಾದವರ ವಾರ್ಡ್‌ನಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಮೂರು ಪ್ರಶ್ನೆ ಕೇಳುತ್ತೇನೆ, ಬೇಜಾರಾಗಬೇಡಿ.

ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರಾ? ಆಸ್ಪತ್ರೆಯಿಂದ ಬಂದ ಮೇಲೆ ತೂಕ ಎಷ್ಟಿದೆ? ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಅವರು ಏನೇನು ತಿಂದರು, ನೆನಪು ಮಾಡಿಕೊಂಡು ಬರೆಯಿರಿ. ತಟ್ಟೆಗೆ ಬಡಿಸಿದ್ದಲ್ಲ, ಹೊಟ್ಟೆಗೆ ಹೋದದ್ದು.

ಬೆಳಗಿನ ಬಿಸಿಲು

ನರ್ಸ್ ಅಕ್ಕ, ಬೇಜಾರು ಯಾಕೆ. ಹೌದು, ಹೃದಯದ ಬಡಿತ ಏರುಪೇರು ಅಂತ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದಾರೆ. ತೂಕ ಇವತ್ತು ನೋಡಿದೆ, 52 ಕಿಲೋ. ಕಾಯಿಲೆಗೆ ಮುಂಚೆ 58 ಇದ್ದರು.

ನಿನ್ನೆ ತಿಂದದ್ದು: ಬೆಳಿಗ್ಗೆ ಆ ಪಾನೀಯ. ಆಮೇಲೆ ಟೀಗೆ ಅದ್ದಿ ಎರಡು ಬ್ರೆಡ್ ಸ್ಲೈಸ್. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಒಂದು ಬಟ್ಟಲು ಅನ್ನ, ತೆಳು ತರಕಾರಿ ಸೂಪ್. ಸಂಜೆ ಟೀ, ಬಿಸ್ಕೆಟ್. ರಾತ್ರಿ ಮತ್ತೆ ಟೀ, ಎರಡು ಬ್ರೆಡ್. ಮಲಗುವಾಗ ಇನ್ನೊಂದು ಅರ್ಧ ಲೋಟ ಟೀ. ಕಾಳಿನ ಪಲ್ಯ ಬಡಿಸಿದ್ದೆ, ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದರು. ಹಲ್ಲಿನ ಸೆಟ್ ಸಡಿಲವಾಗಿದೆ, ಅಗಿಯಲು ಆಗುವುದಿಲ್ಲ ಅನ್ನುತ್ತಾರೆ.

ಇಲ್ಲಿ ಬರೆದ ಮೇಲೆ ಓದಿ ನೋಡಿದೆ, ಕಣ್ಣಲ್ಲಿ ನೀರು ಬಂತು. ನಾಲ್ಕು ಸಲ ಟೀ, ನಾಲ್ಕು ಸ್ಲೈಸ್ ಬ್ರೆಡ್. ಒಂದು ಮೊಟ್ಟೆ ಇಲ್ಲ, ಮೊಸರಿಲ್ಲ, ಒಂದು ಹಣ್ಣಿಲ್ಲ. ದಿನಾ ಕಣ್ಣೆದುರಿಗೇ ಇತ್ತು.

ವಾರ್ಡ್ ನರ್ಸ್

ನೀವು ತಪ್ಪಿತಸ್ಥರಲ್ಲ ಕಣಮ್ಮಾ. ಇದು ಎಲ್ಲ ಮನೆಗಳಲ್ಲೂ ಹೀಗೇ ಆಗುತ್ತದೆ. ವಯಸ್ಸಾದವರು "ನನಗೆ ಇಷ್ಟೇ ಸಾಕು" ಅನ್ನುತ್ತಾರೆ, ನಾವು ಸುಮ್ಮನಾಗುತ್ತೇವೆ. ಮಗು ಊಟ ಬಿಟ್ಟರೆ ಹಿಂದೆ ಹಿಂದೆ ಓಡುತ್ತೇವೆ, ಅಲ್ವಾ?

ಮೊದಲು ಬೆಳ್ಳುಳ್ಳಿ. ಅಡುಗೆಯಲ್ಲಿ ಹಾಕುವಷ್ಟು ಸಾಮಾನ್ಯವಾಗಿ ತೊಂದರೆಯಿಲ್ಲ. ದಿನಾ ಹಸಿಯಾಗಿ, ಜೊತೆಗೆ ಶುಂಠಿ, ಅರಿಶಿನ ಇಷ್ಟಿಷ್ಟು ಕೊಡುವುದನ್ನು ನಾಳೆಯಿಂದಲೇ ನಿಲ್ಲಿಸಿ. ಇವು ಆ ಮಾತ್ರೆಯ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಎರಡು ತಿಂಗಳು ಕೊಟ್ಟಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮಾತ್ರೆಯ ಹೆಸರೂ ಕೇಳಿಕೊಳ್ಳಿ. ಅದು ವಾರ್ಫರಿನ್ ಆಗಿದ್ದರೆ ಪಾಲಕ್‌ನಂಥ ಹಸಿರು ಸೊಪ್ಪನ್ನು ಒಂದು ದಿನ ರಾಶಿ, ಒಂದು ದಿನ ಇಲ್ಲ ಅನ್ನುವ ಹಾಗೆ ಮಾಡಬಾರದು. ಸೊಪ್ಪಿನಲ್ಲಿ ಕೆ ಜೀವಸತ್ವ ಇರುತ್ತದೆ, ಅದು ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ, ದಿನಾ ಒಂದೇ ಅಳತೆ ಇಟ್ಟುಕೊಳ್ಳಿ. ಗ್ರೇಪ್‌ಫ್ರೂಟ್ ರಸವೂ ಹಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ.

ಎರಡನೆಯದು ತೂಕ. ಆರು ಕಿಲೋ ಇಳಿಯುವುದು ಸಣ್ಣ ಮಾತಲ್ಲ. ಡಾಕ್ಟರ ಹತ್ತಿರ ಅದನ್ನೇ ಮೊದಲು ಹೇಳಿ. ಹಾಗೇ ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೊಕಾಕಲ್ ಲಸಿಕೆ ಆಗಿದೆಯಾ ಕೇಳಿ. ಯಾವ ಆಹಾರವೂ ಲಸಿಕೆಯ ಜಾಗಕ್ಕೆ ಬರುವುದಿಲ್ಲ.

ಮೂರನೆಯದನ್ನು ಮೇಡಂ ಹೇಳಲಿ, ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು.

ಪಥ್ಯದ ಮೇಜು

ನಿನ್ನೆ ಅವರ ಹೊಟ್ಟೆಗೆ ಹೋದ ಪ್ರೋಟೀನ್ ಸುಮಾರು 20 ಗ್ರಾಂ. 65 ದಾಟಿದವರಿಗೆ ಕಿಲೋ ತೂಕಕ್ಕೆ ಒಂದರಿಂದ 1.2 ಗ್ರಾಂ ಬೇಕು. ಕಾಯಿಲೆಯಿಂದ ಎದ್ದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಅವರಿಗೆ ಕಡಿಮೆ ಅಂದರೂ 52ರಿಂದ 62 ಗ್ರಾಂ. ಮೂರರಲ್ಲಿ ಒಂದು ಪಾಲು ಮಾತ್ರ ಸಿಗುತ್ತಿದೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ, ಅದನ್ನು ಮೊದಲು ಡಾಕ್ಟರ ಹತ್ತಿರ ಖಚಿತ ಮಾಡಿಕೊಳ್ಳಿ.

ಅಗಿಯಲು ಆಗದವರಿಗೆ ಕಾಳಿನ ಪಲ್ಯ ಕೊಟ್ಟು ಉಪಯೋಗವಿಲ್ಲ. ಎರಡು ಮೊಟ್ಟೆ ಹಾಲು ಹಾಕಿ ಕಲಕಿ ಮೆತ್ತಗೆ ಬೇಯಿಸಿದರೆ 12 ಗ್ರಾಂ ಬಂತು. ಒಂದು ಬಟ್ಟಲು ಗಟ್ಟಿ ಮೊಸರು ಏಳು ಗ್ರಾಂ. ಬೇಳೆ ನುಣ್ಣಗೆ ಬೇಯಿಸಿ ಕಡೆದು ಆ ತೆಳು ಸೂಪ್‌ಗೇ ಸೇರಿಸಿ. ಒಂದು ಬಟ್ಟಲು ಬೆಂದ ಬೇಳೆಯಲ್ಲಿ 16ರಿಂದ 18 ಗ್ರಾಂ ಇರುತ್ತದೆ. ಮಲಗುವಾಗ ಟೀ ಬದಲು ಒಂದು ಲೋಟ ಹಾಲು, ಎಂಟು ಗ್ರಾಂ. ಮೀನು ತಿನ್ನುವವರಾದರೆ ಎಣ್ಣೆಯಂಶದ ಮೀನು ತುಂಬ ಒಳ್ಳೆಯದು. ಡಿ ಜೀವಸತ್ವ ಸಿಗುವ ಆಹಾರಗಳೇ ಕಡಿಮೆ, ಅದರಲ್ಲಿ ಮೀನು ಮೊದಲು. ಮೊಟ್ಟೆಯ ಹಳದಿಯಲ್ಲೂ ಸ್ವಲ್ಪ ಇದೆ.

ಟೀ ಬಿಡಿಸಬೇಡಿ, ಅವರ ಖುಷಿ ಅದು. ಊಟದ ಜೊತೆ ಮಾತ್ರ ಬೇಡ, ಒಂದು ಗಂಟೆ ಬಿಟ್ಟು ಕೊಡಿ. ಕಾಳು, ಸೊಪ್ಪಿನ ಕಬ್ಬಿಣವನ್ನು ಟೀ ತಡೆಯುತ್ತದೆ. ಅದೇ ಊಟದ ಜೊತೆ ಕಿತ್ತಳೆಯೋ ನಿಂಬೆರಸವೋ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ನಿಮ್ಮ ನಿಂಬೆಹಣ್ಣಿಗೆ ಸರಿಯಾದ ಜಾಗ ಅದು, ಬೇಳೆ ಸೂಪ್‌ನ ಮೇಲೆ.

ಕೈತೋಟ

ಮೇಲೆ ನಾನು ಮೊಳಕೆ ಕಾಳಿನ ವಿಷಯ ಬರೆದಿದ್ದೆ. ಮಾವನವರಿಗೆ ಕೊಡುವುದಾದರೆ ಹಸಿ ಬೇಡ, ಪೂರ್ತಿ ಬೇಯಿಸಿಯೇ ಕೊಡಿ. ಹಸಿ ಮೊಳಕೆಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆದಿರಬಹುದು, ವಯಸ್ಸಾದವರಿಗೂ ಗರ್ಭಿಣಿಯರಿಗೂ ಅದು ಅಪಾಯ.

ಇಬ್ಬರು ಮಕ್ಕಳ ಅಮ್ಮ

ಕುಡಿಯುವುದರ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ನಾನು ಮೊದಲು ಮಕ್ಕಳಿಗೆ ದಿನಾ ಹಣ್ಣಿನ ಜ್ಯೂಸ್ ಕೊಡುತ್ತಿದ್ದೆ, ಒಳ್ಳೆಯದು ಅಂತ. ಆಮೇಲೆ ಗೊತ್ತಾಯಿತು, ಒಂದು ದೊಡ್ಡ ಲೋಟ ಕಿತ್ತಳೆ ಜ್ಯೂಸ್‌ನಲ್ಲಿ 20 ಗ್ರಾಂಗೂ ಜಾಸ್ತಿ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಮೇಲಿಂದ ಹಾಕಿದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ದೊಡ್ಡವರಿಗೇ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಈಗ ಹಣ್ಣನ್ನೇ ಕೊಡುತ್ತೇನೆ, ಬಾಯಾರಿದರೆ ನೀರು.

ನೆಗಡಿ ಬಂದಾಗ ಬಿಸಿ ನೀರು, ಬಿಸಿ ಸೂಪ್ ಗಂಟಲಿಗೆ ಹಿತ ಕೊಡುವುದು ನಿಜ. ಒಂದು ಚಮಚ ಜೇನು ರಾತ್ರಿಯ ಕೆಮ್ಮಿಗೆ ನನ್ನ ಮಕ್ಕಳಿಗೆ ತುಂಬ ಸಲ ಕೆಲಸ ಮಾಡಿದೆ. ಈ ಪೋಸ್ಟ್ ಓದುವ ಎಳೆ ಮಕ್ಕಳ ಅಮ್ಮಂದಿರೇ, ಒಂದು ವರ್ಷದ ಒಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೂ ಬೇಡಿ. ಬಾಟ್ಯುಲಿಸಂ ಅನ್ನುವ ಕಾಯಿಲೆ ಬರಬಹುದು, ಜೀವಕ್ಕೇ ಅಪಾಯ.

ಓಟಗಾರ

ನಿದ್ದೆಯನ್ನೂ ಸೇರಿಸಿ. 2009ರಲ್ಲಿ 153 ಜನರ ಮೂಗಿಗೆ ನೆಗಡಿ ವೈರಸ್ ಹನಿ ಹಾಕಿ ಪರೀಕ್ಷೆ ಮಾಡಿದ್ದರು. ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ, ಎಂಟು ಗಂಟೆ ಮಲಗುವವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ನೆಗಡಿ ಹತ್ತಿತು. ಬಿಸಿಲು ಅವರೇ, ನೀವು ಎಷ್ಟು ಹೊತ್ತಿಗೆ ಮಲಗುತ್ತೀರಿ?

ಬೆಳಗಿನ ಬಿಸಿಲು (ಐದು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಹೇಗಾಯಿತು ಅಂತ ಹೇಳದೆ ಹೋಗಬಾರದು ಅನ್ನಿಸಿತು.

ಡಾಕ್ಟರಿಗೆ ಆ ಪಾನೀಯದ ವಿಷಯ ಹೇಳಿದೆ. ತಕ್ಷಣ ರಕ್ತ ಪರೀಕ್ಷೆ ಬರೆದರು. ಮಾತ್ರೆ ವಾರ್ಫರಿನ್ನೇ. ರಕ್ತ ಬೇಕಾದ್ದಕ್ಕಿಂತ ಜಾಸ್ತಿ ತೆಳುವಾಗಿತ್ತು. ಹಸಿ ಬೆಳ್ಳುಳ್ಳಿ ನಿಲ್ಲಿಸಿದೆವು, ಡೋಸ್ ಸ್ವಲ್ಪ ಬದಲಿಸಿದರು. ಹದಿನೈದು ದಿನ ಬಿಟ್ಟು ಮತ್ತೆ ನೋಡಿದಾಗ ಸರಿಯಿತ್ತು. ನರ್ಸ್ ಅಕ್ಕ, ನೀವು ಕೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಮೂತ್ರಪಿಂಡ ಚೆನ್ನಾಗಿದೆ, ಪ್ರೋಟೀನ್ ಕೊಡಿ ಅಂದರು. ಲಸಿಕೆ ಎರಡೂ ಆಗಿರಲಿಲ್ಲ, ಹಾಕಿಸಿದೆವು. ಹಲ್ಲಿನ ಸೆಟ್ಟೂ ಸರಿ ಮಾಡಿಸಿದೆವು.

ತೂಕ ಈಗ 53 ಕಿಲೋ 400 ಗ್ರಾಂ. ಬೇಳೆ ಸೂಪ್ ಮೊದಲ ದಿನ ಎರಡು ಚಮಚ ಕುಡಿದು ಇಟ್ಟರು. ನಾನು ಜಾಸ್ತಿ ಬಲವಂತ ಮಾಡಲಿಲ್ಲ, ನಿಂಬೆ ಹಿಂಡಿ ಮಾರನೇ ದಿನ ಮತ್ತೆ ಇಟ್ಟೆ. ಈಗ ಅವರೇ ಕೇಳುತ್ತಾರೆ. ಸಂಜೆ ಕಿತ್ತಳೆ ಬಿಡಿಸುವುದು ಮಗಳ ಕೆಲಸ. ಒಂದೊಂದು ತೊಳೆಯ ಬಿಳಿ ನಾರನ್ನೂ ಉಗುರಿನಿಂದ ಎಳೆದು ತೆಗೆದು, ಬೀಜ ಬಿಡಿಸಿ, "ತಾತ, ಆ ಅನ್ನಿ" ಅಂತ ಬಾಯಿಗಿಡುತ್ತಾಳೆ. ಅವರಿಗೊಂದು, ಇವಳಿಗೊಂದು. ನಾನು ಕೊಟ್ಟರೆ ಬೇಡ ಅನ್ನುತ್ತಿದ್ದ ಹಣ್ಣು ಹೀಗೆ ಪೂರ್ತಿ ಮುಗಿಯುತ್ತದೆ.

ಮಗಳಿಗೆ ಮಧ್ಯದಲ್ಲಿ ಒಂದು ನೆಗಡಿ ಬಂತು. ಎಂಟನೆಯದು. ಆರು ದಿನಕ್ಕೆ ಹೋಯಿತು. ಆ ಆರು ದಿನ ಕೈ ತೊಳೆಸಿ ತೊಳೆಸಿ ಸಾಕಾಯಿತು, ಕಿತ್ತಳೆ ಬಿಡಿಸುವ ಕೆಲಸವನ್ನೂ ನಾನೇ ಮಾಡಿದೆ. ಮಾವನವರಿಗೆ ಹರಡಲಿಲ್ಲ. ಎದೆಯುರಿ ಅಂತ ಅವಳು ಮತ್ತೆ ಹೇಳಿಲ್ಲ. ಓಟಗಾರ ಅವರೇ, ನಾನು ಮಲಗುವಾಗ ಹನ್ನೆರಡು ದಾಟುತ್ತಿತ್ತು. ಈಗ ಹನ್ನೊಂದಕ್ಕೆ ಮಲಗುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಮೀನು ತಿನ್ನಲು ಮಾವನವರು ಒಪ್ಪಿದ್ದಾರೆ, ಮುಳ್ಳಿನ ಭಯ ಅವರಿಗೆ. ಮೆತ್ತಗೆ ಹೇಗೆ ಮಾಡುವುದು?

ಕೈತೋಟ

ದಪ್ಪ ಮುಳ್ಳಿನ ಮೀನು ತೆಗೆದುಕೊಳ್ಳಿ, ಸಣ್ಣ ಸಣ್ಣ ಮುಳ್ಳಿನದು ಬೇಡ. ಮುಳ್ಳು ತೆಗೆಸಿದ ತುಂಡೇ ಸಿಕ್ಕರೆ ಇನ್ನೂ ಒಳ್ಳೆಯದು. ಉಪ್ಪು, ನಿಂಬೆ, ಜಜ್ಜಿ ಹತ್ತು ನಿಮಿಷ ಬಿಟ್ಟ ಅರ್ಧ ಎಸಳು ಬೆಳ್ಳುಳ್ಳಿ ಸವರಿ. ಹಬೆಯಲ್ಲಿ ಎಂಟು ಹತ್ತು ನಿಮಿಷ. ಫೋರ್ಕ್ ಚುಚ್ಚಿದರೆ ಪದರ ಪದರವಾಗಿ ಬಿಡಿಸಿಕೊಳ್ಳಬೇಕು, ಆಗ ಬೆಂದಿದೆ ಅಂತ. ತಣಿದ ಮೇಲೆ ಚಮಚ ಬಿಡಿ, ಬೆರಳಿನಿಂದಲೇ ಬಿಡಿಸಿ. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತದೆ. ಆಮೇಲೆ ಬೆಂದ ಆಲೂಗಡ್ಡೆ ಜೊತೆ ಕಿವುಚಿ, ಒಂದು ಚಮಚ ಬೆಣ್ಣೆ ಹಾಕಿ ಕೊಡಿ. ನನ್ನ ಅಮ್ಮನಿಗೆ ನಾನು ಹೀಗೇ ಮಾಡುತ್ತೇನೆ.